ಎಡ ಅಂಚಿನ ಚೆಂಡೆಯವ

ಕಳೆದ ತಿಂಗಳು ನಮ್ಮ ಕಟ್ಟಡದ ಕೆಳಮನೆಯ ಮಾಮ ತೀರಿಕೊಂಡರು. ಮದರಾಸಿನ ನುಂಗಂಬಾಕ್ಕಂನ ಈ ಹಳೆಯ ಬೀದಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಮಾಮ ಎಂದೇ. ತಮಿಳರಿಗೂ ಮಾಮ, ತೆಲುಗರಿಗೂ ಮಾಮ, ದಾವಣಗೆರೆ ಕಡೆಯಿಂದ ಬಂದ ನಮಗೂ ಮಾಮ. ಅವರ ಹೆಂಡತಿ ಮಾಮಿ. ನಿಜವಾದ ಹೆಸರು ಬಾಗಿಲ ಮೇಲಿನ ಹಲಗೆಯಲ್ಲಿ ಇನ್ನೂ ಇದೆ, ಇಲ್ಲಿ ಬರೆಯುವುದಿಲ್ಲ. ಬರೆದರೆ ಮಾಮಿಗೆ ಮುಜುಗರ. ಮಾಮ ಇದ್ದಿದ್ದರೆ ಜಗಳವೇ ಆಗುತ್ತಿತ್ತು.

ಟಿವಿಗೆ ಕಂಪ್ಯೂಟರ್ ಜೋಡಿಸಿ ಮನೆಯಲ್ಲೇ ಸಿನಿಮಾ ನೋಡುವ ಚಟ ಹತ್ತಿದ ಮೇಲೆ ನಮ್ಮ ಕಟ್ಟಡದಲ್ಲಿ ಯಾರ ಮನೆಯಲ್ಲಿ ಚಿತ್ರ ಕೆಟ್ಟರೂ ಓಡುತ್ತಿದ್ದದ್ದು ಮಾಮನ ಬಳಿಗೆ. ಅಂಚು ಕತ್ತರಿಸಿ ಹೋದ ಚಿತ್ರವನ್ನು ಪೂರ್ತಿ ತರುವುದರಲ್ಲಿ ಅವರದು ಎತ್ತಿದ ಕೈ. ಅಂಥ ಮನುಷ್ಯನ ಕಣ್ಣಿನ ಅಂಚುಗಳೇ ಒಂದೊಂದಾಗಿ ಹೋಗುತ್ತಾ ಬಂದವು, ಅವರು ಅದನ್ನು ಟಿವಿಯ ರೋಗವೆಂದು ತಿಳಿದು ಕೇಬಲ್ ಬದಲಾಯಿಸುತ್ತಾ ಕೂತರು. ಮೊದಲೇ ಗೊತ್ತಾಗಿದ್ದರೆ ದೃಷ್ಟಿ ಉಳಿಯುತ್ತಿತ್ತು. ವಯಸ್ಸಾದವರ ಸಾವಿಗೆ ಹೇಗೋ ಸಮಾಧಾನ ಹೇಳಿಕೊಳ್ಳಬಹುದು. ಈ ಕಣ್ಣಿನ ವಿಷಯಕ್ಕೆ ಮಾತ್ರ ನನಗೆ ಇವತ್ತಿಗೂ ಸಮಾಧಾನವಿಲ್ಲ.

ಮಾಮ ಕುಂದಾಪುರದ ಕಡೆಯವರು. ಚಿಕ್ಕಂದಿನಲ್ಲೇ ಮದರಾಸಿಗೆ ಬಂದು, ಎಗ್ಮೋರ್ ಸ್ಟೇಷನ್ನಿನ ಹತ್ತಿರ ಊರಿನವರದೇ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಪ್ಲೈ ಮಾಡಿ, ಕೊನೆಗೆ ಹಾಲ್ ಸೂಪರ್‌ವೈಸರ್ ಆಗಿ ನಿವೃತ್ತರಾದವರು. ಕೈತೊಳೆಯುವ ಜಾಗದ ಪಕ್ಕದ ಕಂಬಕ್ಕೆ ಒರಗಿ ನಿಂತು ಇಡೀ ಹಾಲನ್ನು ನೋಡಿಕೊಳ್ಳುವುದು ಅವರ ಕೆಲಸವಾಗಿತ್ತು. ಅದರ ಬಗ್ಗೆ ಅವರಿಗೆ ವಿಪರೀತ ಜಂಬ.

"ತಿರ್ಗಿ ತಿರ್ಗಿ ಕಾಂಬವ ಸೂಪರ್‌ವೈಸರ್ ಅಲ್ಲ ಟೀಚರ್ರೇ," ಎನ್ನುತ್ತಿದ್ದರು. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಅವರಿಗೆ ಎಲ್ಲ ಪಾಠದವರೂ ಟೀಚರ್ರೇ. "ಎದುರಿಗಿಪ್ಪ ಗಿರಾಕಿ ಮುಖ ಕಂಡ್ಕಂಡೇ ಮೂಲೆ ಟೇಬಲ್ಲಿನ ಲೋಟದಲ್ಲಿ ನೀರು ಮುಗ್ದದ್ದ್ ಗೊತ್ತಾಯ್ಕ್. ಕಣ್ಣಿಗೆ ನಡು ಮಾತ್ರ ಅಲ್ಲ, ಬದಿಯೂ ಇತ್ತಲ್ದಾ?"

ಅವರ ಕಡೆ ‘ಇತ್ತ್’ ಅಂದರೆ ‘ಇದೆ’, ‘ಇದ್ದ’ ಅಂದರೆ ‘ಇದ್ದಾನೆ’. ಇದು ನನ್ನ ತಲೆಗೆ ಹತ್ತಲು ಬಹಳ ದಿನ ಹಿಡಿಯಿತು. ಅವರಿಗೆ ನನ್ನ ಕನ್ನಡವೂ ತಮಾಷೆಯೇ. ದಾವಣಗೆರೆಯವರು ದೋಸೆಗೆ ಬೆಣ್ಣೆ ಹಾಕುವುದಿಲ್ಲ, ಬೆಣ್ಣೆಗೆ ದೋಸೆ ಹಾಕುತ್ತಾರೆ, ಮಾತೂ ಹಾಗೆಯೇ ಜಾರುತ್ತದೆ ಎಂದು ಆಡಿಕೊಳ್ಳುತ್ತಿದ್ದರು.

ಬದಿಗಣ್ಣಿನ ಜಂಬ ಸುಳ್ಳಾಗಿರಲಿಲ್ಲ. ಒಮ್ಮೆ ಗೇಟಿನ ಬಳಿ ನನ್ನ ಜೊತೆ ನೀರಿನ ಲಾರಿಯ ವಿಷಯ ಮಾತಾಡುತ್ತಾ ನಿಂತಿದ್ದವರು, ಮುಖ ತಿರುಗಿಸದೆಯೇ, ಪಕ್ಕದಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಹಾಲಿನವನಿಗೆ "ಪಾಕೆಟ್ ವಿಳಪ್ಪೋಗುದು ಪಾರು" ಎಂದರು. ಅವನು ಬಗ್ಗಿ ನೋಡಿದರೆ ಚೀಲದಿಂದ ಒಂದು ಪಾಕೆಟ್ಟು ಅರ್ಧ ಹೊರಗೆ ಜಾರಿತ್ತು. ಮಾಮ ಲಾರಿಯ ಮಾತನ್ನು ಮುಂದುವರಿಸಿದರು.

ನನಗೆ ಅವರ ಪರಿಚಯವಾದದ್ದು ನಮ್ಮ ಮನೆಯವರ ದಡ್ಡತನದಿಂದ. ಆಫೀಸಿನ ಗೆಳೆಯರೊಬ್ಬರಿಂದ ಒಂದು ಪುಟ್ಟ ಕಂಪ್ಯೂಟರ್ ತಂದು ಹೊಸ ಟಿವಿಗೆ ಜೋಡಿಸಿದರು. ಚಿತ್ರವೇನೋ ಬಂತು, ಆದರೆ ನಾಲ್ಕೂ ಅಂಚು ಕಾಣೆ. ಕೆಳಗಿನ ಪಟ್ಟಿಯಲ್ಲಿ ಗಡಿಯಾರವಿಲ್ಲ, ಸಿನಿಮಾ ಹಾಕಿದರೆ ಕೆಳಗೆ ಬರುವ ಅಕ್ಷರಗಳ ಅರ್ಧ ಹೊಟ್ಟೆ ಮಾತ್ರ ಕಾಣುತ್ತದೆ. ಇವರು ಒಂದೊಂದೇ ಗುಂಡಿ ಒತ್ತುತ್ತಾ ಹೋಗಿ ಕೊನೆಗೆ ಟಿವಿ ಪೂರ್ತಿ ಕಪ್ಪಾಯಿತು. ಕೆಳಗಿನ ಮನೆಯ ಹಿರಿಯರಿಗೆ ಇದೆಲ್ಲ ಗೊತ್ತಂತೆ ಎಂದು ಯಾರೋ ಹೇಳಿದ್ದರಿಂದ ನಾನೇ ಹೋಗಿ ಕರೆದೆ.

ಬಿಳಿ ಪಂಚೆ, ತೋಳಿನ ಬನಿಯನ್ನು, ಕೈಯಲ್ಲೊಂದು ಟಾರ್ಚು. ಒಳಗೆ ಬಂದವರು ಟಿವಿಯ ಹತ್ತಿರವೇ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ನಮ್ಮವರ ಕೈಯಲ್ಲಿದ್ದ ರಿಮೋಟ್ ನೋಡಿ, "ಅದನ್ನ್ ಕೆಳಗಿಡಿ. ಯಾರೂ ಮುಟ್ಟೂಕಾಗ. ಎಂತ ಕಾಣ್ತಿತ್ತ್, ಅದ್ ಹೇಳಿ ಮೊದ್ಲ್," ಎಂದರು.

"ಏನೂ ಕಾಣ್ತಿಲ್ಲ ಮಾಮ," ಎಂದರು ನಮ್ಮವರು.

"ಏನೂ ಕಾಣ್ತಿಲ್ಲೆ ಅಂದ್ರೆ ಹ್ಯಾಂಗ್ ಮಾರಾಯ್ರೇ? ಬರೀ ಕಪ್ಪಾ, ಅಲ್ಲ ಅಕ್ಷರ ಇತ್ತಾ? ಎಡಬದಿಯಿಂದ ಶುರು ಮಾಡಿ ಬಲಕ್ಕೆ ಬನ್ನಿ. ಕಂಡದ್ದ್ ಎಲ್ಲ ಹೇಳಿ."

ಇದು ಅವರ ಪದ್ಧತಿ. ಯಾರ ಮನೆಗೆ ಹೋದರೂ ಇದೇ. ತಮಿಳರ ಮನೆಯಲ್ಲಾದರೆ "ಎದುವುಂ ತೊಡಾದೀಂಗ, ಎನ್ನ ತೆರಿಯುದು ಸೊಲ್ಲುಂಗ." ಮುಟ್ಟಬೇಡಿ, ಏನು ಕಾಣುತ್ತದೋ ಹೇಳಿ. ಎಡ ಅಂಚಿನಿಂದ ಬಲ ಅಂಚಿನವರೆಗೆ ಮನೆಯವರ ಬಾಯಿಂದ ಹೇಳಿಸದೆ ಅವರು ಒಂದು ತಂತಿಯನ್ನೂ ಅಲುಗಿಸುತ್ತಿರಲಿಲ್ಲ. ಗಿರಾಕಿ ತಿಂಡಿ ಸರಿಯಿಲ್ಲ ಎಂದರೆ ಅಡುಗೆಮನೆಗೆ ನುಗ್ಗುವ ಮೊದಲು ಉಪ್ಪು ಜಾಸ್ತಿಯೋ ಹುಳಿ ಜಾಸ್ತಿಯೋ ಕೇಳಬೇಕು, ಕೇಳದೆ ಹೋದವನಿಗೆ ಭಟ್ಟರಿಂದ ಬೈಗುಳ ತಪ್ಪದು ಎಂದು ಅದಕ್ಕೆ ಅವರ ಸಮರ್ಥನೆ.

ಅಂದು ಅವರು ಮಾಡಿದ್ದು ಇಷ್ಟೇ. ಎರಡನ್ನೂ ಆರಿಸಿ, ಮೊದಲು ಟಿವಿ ಹಾಕಿಸಿ, ಆಮೇಲೆ ಕಂಪ್ಯೂಟರ್ ಹಾಕಿಸಿದರು. ಕಂಪ್ಯೂಟರ್ ಏಳುವಾಗ ಆ ಕಡೆ ಯಾರಿದ್ದಾರೆ ಎಂದು ಕೇಳುತ್ತದಂತೆ, ಟಿವಿ ಎದ್ದಿರದಿದ್ದರೆ ಯಾರೂ ಇಲ್ಲವೆಂದು ಸುಮ್ಮನಾಗುತ್ತದಂತೆ. ಚಿತ್ರ ಬಂದ ಮೇಲೆ ಅಂಚಿನ ಕಥೆ. "ಸಣ್ಣ ಟೇಬಲ್ಲಿಗೆ ದೊಡ್ಡ ಬಾಳೆಲೆ ಹಾಕಿದಾಂಗೆ ಇದ್. ಸುತ್ತ ಕೆಳಗೆ ನೇತಾಡ್ತ್. ಉಪ್ಪು, ಉಪ್ಪಿನಕಾಯಿ ಬಡ್ಸುದ್ ಎಲ್ಲಿ? ಎಲೆ ಎಡತುದಿಗೆ. ಅದೇ ಜಾಗ ಹೋಯ್ತ್," ಎಂದು ಹೇಳಿ, ಟಿವಿಯ ಮೆನುವಿನಲ್ಲಿ ಎಲ್ಲೋ ಆಳದಲ್ಲಿದ್ದ ಚಿತ್ರದ ಅಳತೆಯನ್ನು ಬದಲಾಯಿಸಿದರು. ಚಿತ್ರ ಸ್ವಲ್ಪ ಒಳಸರಿದು ನಾಲ್ಕೂ ಮೂಲೆ ಕಾಣಿಸಿದವು.

"ಉಪ್ಪು ಬಂತಾ ಕಾಣಿ," ಎಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಯಾವುದು ಸರಿಹೋದರೂ ‘ಉಪ್ಪು ಬಂತು’ ಎನ್ನುವುದು ರೂಢಿಯಾಯಿತು.

ಅವರಿಗೆ ಈ ಹುಚ್ಚು ಹಿಡಿದದ್ದು ಯಕ್ಷಗಾನದಿಂದ. ನಿವೃತ್ತಿಯ ನಂತರ ಊರಿನ ಆಟಗಳ ವಿಡಿಯೋಗಳನ್ನು ಯಾರ್ಯಾರಿಂದಲೋ ತರಿಸಿ, ರಿಚಿ ಸ್ಟ್ರೀಟಿನಲ್ಲಿ ಬಿಡಿಭಾಗ ಕೊಂಡು ತಾವೇ ಕಂಪ್ಯೂಟರ್ ಜೋಡಿಸಿ, ಅದರಲ್ಲಿ ತುಂಬಿಸಿಟ್ಟಿದ್ದರು. ಭಾನುವಾರ ಸಂಜೆ ಅವರ ಮನೆಯಲ್ಲಿ ಆಟ. ಊರ ಕಡೆಯ ಹೋಟೆಲಿನವರು ಒಬ್ಬಿಬ್ಬರು ಬರುತ್ತಿದ್ದರು, ಬಿಡುವಾದಾಗ ನಾನೂ. ಅವರಿಗೆ ಪ್ರಾಣವಾಗಿದ್ದ ಒಂದು ಹಳೆಯ ವಿಡಿಯೋದಲ್ಲಿ ಚೆಂಡೆ ಬಾರಿಸುವವನು ಚಿತ್ರದ ತೀರಾ ಎಡ ಅಂಚಿನಲ್ಲಿ ನಿಂತಿದ್ದ. ಕೆಂಪು ಮುಂಡಾಸು, ಬಿಳಿ ಅಂಗಿ, ತೆಳ್ಳಗಿನ ಮನುಷ್ಯ. ವಿಡಿಯೋ ತೆಗೆದವನಿಗೆ ಅವನು ಬೇಕಾಗಿರಲಿಲ್ಲ, ಹೇಗೋ ಸಿಕ್ಕಿಹಾಕಿಕೊಂಡಿದ್ದ. ಮೊದಲ ಸಲ ಟಿವಿಗೆ ಹಾಕಿದಾಗ ಅಂಚಿನ ಜೊತೆ ಅವನೂ ಹೋಗಿಬಿಟ್ಟನಂತೆ. "ಶಬ್ದ ಇತ್ತ್, ಜನ ಇಲ್ಲೆ. ಹೊಟ್ಟೆ ಉರ್ದ್‌ಹೋಯ್ತ್ ನಂಗೆ. ಅಷ್ಟ್ ಹೊತ್ತ್ ನಿಂತ್ಕಂಡ್ ಬಾರ್ಸಿದವನನ್ನ್ ಕತ್ತರ್ಸಿ ಬಿಸಾಡುಕ್ ಇವರಿಗೆ ಯಾರ್ ಹೇಳಿದ್ದ್?" ಎಂದು ಆ ಕಥೆಯನ್ನು ಪ್ರತಿ ಸಲ ಹೊಸದಾಗಿ ಹೇಳುತ್ತಿದ್ದರು. ಆ ಚೆಂಡೆಯವನನ್ನು ವಾಪಸು ತರಲೆಂದೇ ಅವರು ಇದನ್ನೆಲ್ಲ ಕಲಿತದ್ದು.

ಒಳ್ಳೆಯದನ್ನೇ ಹೇಳುತ್ತಾ ಹೋದರೆ ಮಾಮ ಸಿಟ್ಟಾಗುತ್ತಾರೆ. ಅವರು ಸುಲಭದ ಮನುಷ್ಯರಲ್ಲ. ಹಟಮಾರಿ. ತಾನು ಹೇಳಿದ್ದೇ ಸರಿ. ಲೋಕದವರ ಬಾಯಲ್ಲೆಲ್ಲ ‘ಏನು ಕಾಣುತ್ತದೆ’ ಎಂದು ಹೇಳಿಸುತ್ತಿದ್ದ ಅವರು ಒಬ್ಬರನ್ನು ಮಾತ್ರ ಎಂದೂ ಕೇಳುತ್ತಿರಲಿಲ್ಲ, ಅದು ಮಾಮಿ. ಅದೇ ಕೋಣೆಯಲ್ಲಿ, ಪಕ್ಕದ ಕುರ್ಚಿಯಲ್ಲಿ ಸೊಪ್ಪು ಬಿಡಿಸುತ್ತಾ ಮಾಮಿ ಇರುತ್ತಿದ್ದರು. ಏನಾದರೂ ಹೇಳಲು ಬಾಯಿ ತೆರೆದರೆ, "ನಿಂಗೆ ಎಂತ ಗೊತ್ತಿತ್ತ್, ಸುಮ್ನೆ ಕೂಕೋ," ಎಂದು ಮುಗಿಸಿಬಿಡುತ್ತಿದ್ದರು. ಮಾಮಿ ಗಂಡನನ್ನು ‘ಹೋಯ್’ ಎಂದು ಕರೆಯುತ್ತಿದ್ದರು, ಆ ಕರೆ ಅವರೊಬ್ಬರಿಗೇ ಮೀಸಲು. "ಹೋಯ್, ಆಯ್ತ್, ಸುಮ್ನೆ ಕೂತೆ," ಎಂದು ನಕ್ಕು ಸೊಪ್ಪಿನ ಕಡೆ ತಿರುಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಮಾಮಿಗೆ ಉರಿಯುತ್ತಿತ್ತೋ ಇಲ್ಲವೋ ಗೊತ್ತಿಲ್ಲ.

ಶುರುವಾದದ್ದು ಒಂದು ಭಾನುವಾರ. ಆಟ ನಡೆಯುತ್ತಿದ್ದಾಗ ಮಾಮ ಥಟ್ಟನೆ ಎದ್ದು ನಿಲ್ಲಿಸಿದರು. "ಚೆಂಡೆಯವ ಹೋದ," ಎಂದರು.

ನಾನು ನೋಡಿದೆ. ಚೆಂಡೆಯವನು ಅಲ್ಲೇ ಇದ್ದ. ಹಾಗೆಂದೆ. ಮಾಮ ತಲೆ ತಿರುಗಿಸಿ ಎಡ ಮೂಲೆಯನ್ನು ದಿಟ್ಟಿಸಿದರು, ಅವನು ಕಂಡ. "ಈಗ ಬಂದ. ಆಗ ಇರ್ಲಿಲ್ಲೆ," ಎಂದು ಕೂತರು. ಸ್ವಲ್ಪ ಹೊತ್ತಿಗೆ ಮತ್ತೆ, "ಹೋದ ಕಾಣಿ."

"ಹೋಯ್, ಪೂರ್ತಿ ಕಾಣ್ತಿತ್ತಲ್ಲ," ಎಂದರು ಮಾಮಿ.

"ನಿಂಗೆ ಎಂತ ಗೊತ್ತಿತ್ತ್? ಇದ್ ಹೋಗಿ ಬಪ್ಪ ಕಾಯಿಲೆ. ಕೇಬಲ್ ಲೂಸ್ ಇದ್ರೆ ಹೀಂಗೇ ಆಪ್ದ್."

ಹೋಗಿ ಬರುವ ಕಾಯಿಲೆಯನ್ನು ಹಿಡಿಯುವುದು ಎಲ್ಲಕ್ಕಿಂತ ಕಷ್ಟ ಎಂದು ಅವರೇ ನನಗೆ ಎಷ್ಟೋ ಸಲ ಹೇಳಿದ್ದರು. ರಿಪೇರಿಯವನು ನೋಡುವಾಗ ಸರಿಯಿರುತ್ತದೆ, ಅವನು ಮೆಟ್ಟಿಲಿಳಿದ ಕೂಡಲೇ ಕೆಡುತ್ತದೆ. ಈಗ ಅವರು ಅದೇ ತರ್ಕಕ್ಕೆ ಅಂಟಿಕೊಂಡರು. ದಿಟ್ಟಿಸಿದರೆ ಇರುತ್ತದೆ, ನಡುವೆ ನೋಡುತ್ತಿದ್ದರೆ ಹೋಗುತ್ತದೆ. ಕೇಬಲ್ ಬದಲಾಯಿಸಿದರು. ಟಿವಿಯ ಹಿಂದಿನ ಬೇರೆ ಕಿಂಡಿಗೆ ಚುಚ್ಚಿದರು. ಕಂಪ್ಯೂಟರ್ ಬಿಚ್ಚಿ ಒಳಗಿನ ಕಾರ್ಡು ತೆಗೆದು, ಒರೆಸಿ, ಮತ್ತೆ ಹಾಕಿದರು. ಟಿವಿ ಕಂಪನಿಯವನನ್ನು ಕರೆಸಿದರು. ಅವನು ನೋಡಿ, "ಎಲ್ಲಾಂ ಸರಿಯಾ ಇರುಕ್ಕು ಸಾರ್," ಎಂದದ್ದಕ್ಕೆ ಅವನ ಜೊತೆ ಜಗಳವಾಡಿದರು. ನಾನೂ ನಮ್ಮವರೂ ಎಷ್ಟು ಸಲ ಹೇಳಿದರೂ ಉತ್ತರ ಒಂದೇ: ನೀವು ನೋಡುವಾಗ ಸರಿಯಿರುತ್ತದೆ.

ಆಮೇಲೆ ಅವರಿಗೆ ದಾರಿ ಸಿಕ್ಕಿತು, ಸಿಗದಿದ್ದರೆ ಚೆನ್ನಾಗಿತ್ತು. ಕಂಪ್ಯೂಟರಿನಲ್ಲಿ ಚಿತ್ರವನ್ನು ಕುಗ್ಗಿಸುವ ಒಂದು ಏರ್ಪಾಡು ಇರುತ್ತದೆ. ಅದರಲ್ಲಿ ಸ್ವಲ್ಪ ಕುಗ್ಗಿಸಿದರು. ಸುತ್ತ ಕಪ್ಪು ಪಟ್ಟಿ ಉಳಿದು ಚಿತ್ರ ಚಿಕ್ಕದಾಯಿತು, ಚೆಂಡೆಯವನು ನಡುವಿಗೆ ಹತ್ತಿರ ಬಂದ, ಅವರಿಗೆ ಕಂಡ. "ಕಂಡ್ರ್ಯಾ? ನಾನ್ ಹೇಳ್ಲಿಲ್ಯಾ ಅಂಚು ತಿಂತಾ ಇತ್ತ್ ಅಂತ," ಎಂದು ನನ್ನನ್ನು ಮೇಲಿನಿಂದ ಕರೆಸಿ ತೋರಿಸಿದರು. ಮುಖದಲ್ಲಿ ಗೆಲುವು. ಕೆಲವು ತಿಂಗಳಾದ ಮೇಲೆ ಮತ್ತೆ ಹೋದ. ಮತ್ತೆ ಕುಗ್ಗಿಸಿದರು. ಅಷ್ಟು ದೊಡ್ಡ ಟಿವಿಯ ನಡುವೆ ಚಿತ್ರ ಕಿಟಕಿಯಷ್ಟಾಯಿತು. ಹೋಟೆಲಿನವರು ತಮ್ಮತಮ್ಮಲ್ಲಿ ನಕ್ಕರು. ಮಾಮನಿಗೆ ವಯಸ್ಸಾಯಿತು, ಹುಚ್ಚು ಹೆಚ್ಚಾಯಿತು ಎಂದುಕೊಂಡರು.

ಅದೇ ದಿನಗಳಲ್ಲಿ ಅವರ ಕೈಗೆ ತಗುಲಿ ಕಾಫಿ ಲೋಟ ಬೀಳುವುದು ಹೆಚ್ಚಾಯಿತು. "ಎಡಬದಿಗೆ ಯಾಕ್ ಇಡ್ತೆ?" ಎಂದು ಮಾಮಿಗೆ ಬೈಗುಳ. ಗೇಟಿನಲ್ಲಿ ಸ್ಕೂಟರಿನ ಕನ್ನಡಿಗೆ ಭುಜ ತಾಗಿಸಿಕೊಂಡು ಸ್ಕೂಟರಿನವನಿಗೂ ಬೈದರು. ಮಾಮಿ ಲೋಟವನ್ನು ಬಲಕ್ಕೆ ಇಡತೊಡಗಿದರು. ಬಲಗಡೆಯದೂ ಬಿತ್ತು. ಆಮೇಲೆ ಮಾಮಿ ಲೋಟವನ್ನು ಕೈಗೇ ಕೊಡತೊಡಗಿದರು. ಏನೂ ಹೇಳಲಿಲ್ಲ, ಹೇಳಿದರೆ ಕೇಳುವವರು ಯಾರು.

ತಿಳಿದದ್ದು ಒಂದು ಊಟದಲ್ಲಿ. ಅವರ ಸಂಬಂಧಿಕರ ಮನೆಯ ಉಪನಯನ, ಎಗ್ಮೋರ್ ಕಡೆಯ ಒಂದು ಮಂಟಪದಲ್ಲಿ. ಮಾಮಿ ಒತ್ತಾಯ ಮಾಡಿದರೆಂದು ನಾನೂ ಹೋಗಿದ್ದೆ. ಊರಿನ ಹೋಟೆಲಿನವರೆಲ್ಲ ಬಂದಿದ್ದರು. ಮಾಮನ ಕೈಕೆಳಗೆ ಕೆಲಸ ಕಲಿತು ಈಗ ಸ್ವಂತ ಹೋಟೆಲು ನಡೆಸುವವರು ಎದ್ದು ಬಂದು ಕೈಮುಗಿದರು. ಮಾಮ ಹೊಸ ಮೇಲುಪಂಚೆ ಹೊದ್ದು ಪಂಕ್ತಿಯ ಮೊದಲಿಗೆ ಕೂತಿದ್ದರು. ಮಾಮಿ ಅವರ ಬಲಕ್ಕೆ, ನಾನು ಮಾಮಿಯ ಪಕ್ಕಕ್ಕೆ. ಎಲೆ ಹಾಕಿದರು, ಬಡಿಸುತ್ತಾ ಬಂದರು. ಅನ್ನ ಬಂದಾಗ ಮಾಮ ಕೈ ಅಡ್ಡ ಹಿಡಿದರು.

"ನಿಲ್ಲ್. ಉಪ್ಪು ಬಡ್ಸದೆ ಅನ್ನಕ್ಕೆ ಬಂದೆಯಾ?"

ಬಡಿಸುವವನು ಗಾಬರಿಯಾದ. "ಹಾಕಿದ್ದೆ ಮಾಮ."

"ಎಲ್ಲಿ ಹಾಕಿದ್ದೆ? ಉಪ್ಪಿಲ್ಲೆ, ಉಪ್ಪಿನಕಾಯಿ ಇಲ್ಲೆ. ಯಾರ್ ನಿಂಗೆ ಕಲ್ಸಿದ್ದ್ ಬಡ್ಸೂಕೆ? ಇಪ್ಪತ್ತ್ ಎಲೆಯಾಚೆ ಉಪ್ಪು ತಪ್ರೆ ನಂಗ್ ಗೊತ್ತಾತಿತ್ತ್, ನನ್ನ ಎಲೆಯದ್ದೇ ಗೊತ್ತಾತಿಲ್ಯಾ?"

ಬಡಿಸುವವನು ಬಗ್ಗಿ, ಮರ್ಯಾದೆಯಿಂದಲೇ, ಎಲೆಯ ಎಡತುದಿಯನ್ನು ಬೆರಳಿನಿಂದ ತೋರಿಸಿದ. ಉಪ್ಪು ಅಲ್ಲಿತ್ತು. ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿ. ಮಾಮ ತಲೆ ತಿರುಗಿಸಿ ನೋಡಿದರು. ಅಡ್ಡ ಹಿಡಿದ ಕೈ ಹಾಗೆಯೇ ಇತ್ತು. ಆಮೇಲೆ ಮೆಲ್ಲಗೆ, "ಈಗ ಬಂತ್," ಎಂದರು. ಯಾರೋ ಒಬ್ಬರು ನಕ್ಕರು, ತಮಾಷೆ ಮಾಡುತ್ತಿದ್ದಾರೆ ಎಂದು.

ನಾನು ಮಾಮಿಯ ಮುಖ ನೋಡಿದೆ. ಮಾಮಿ ಎಲೆಯನ್ನೂ ನೋಡುತ್ತಿರಲಿಲ್ಲ, ಬಡಿಸುವವನನ್ನೂ ನೋಡುತ್ತಿರಲಿಲ್ಲ, ಗಂಡನ ಕಣ್ಣನ್ನು ನೋಡುತ್ತಿದ್ದರು. ಕೈತೊಳೆದು ಹೊರಗೆ ಆಟೋಗಾಗಿ ನಿಂತಾಗ ಮಾಮಿ ಹೇಳಿದರು: "ಹೋಯ್. ಟಿವಿಗೆ ಕೇಬಲ್ ಇತ್ತ್. ಎಲೆಗೆ ಎಂತ ಕೇಬಲ್ ಇತ್ತ್?"

ಮಾಮ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಆಟೋ ಬಂದು ನಿಂತದ್ದು ಅವರಿಗೆ ಗೊತ್ತಾಗಲಿಲ್ಲ, ಮಾಮಿ ಮೊಣಕೈ ಹಿಡಿದು ಹತ್ತಿಸಿದರು.

ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದದ್ದು ಅವರ ಮಗಳು, ನಗರದ ಉತ್ತರ ತುದಿಯ ಮಾಧವರಂನಿಂದ ರಜೆ ಹಾಕಿ ಬಂದಿದ್ದಳು. ಜೊತೆಗಿರಲಿ ಎಂದು ಮಾಮಿ ನನ್ನನ್ನೂ ಕರೆದರು. ಒಂದು ಯಂತ್ರದೊಳಗೆ ಮುಖ ಇಟ್ಟು ನಡುವೆಯೇ ನೋಡುತ್ತಿರಬೇಕು, ಬದಿಯಲ್ಲಿ ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಗುಂಡಿ ಒತ್ತಬೇಕು. ನಾವು ಬಾಗಿಲ ಹೊರಗೆ ಕೂತಿದ್ದೆವು. ಗುಂಡಿ ಒತ್ತಿದ ಸದ್ದು ಆಗೊಮ್ಮೆ ಈಗೊಮ್ಮೆ ಮಾತ್ರ ಕೇಳುತ್ತಿತ್ತು. ಮುಗಿದ ಮೇಲೆ ಮಾಮ ಪರೀಕ್ಷೆ ಮಾಡಿದ ಹೆಣ್ಣುಮಗಳಿಗೆ ತಮಿಳಿನಲ್ಲಿ ಹೇಳುತ್ತಿದ್ದದ್ದು ಕೇಳಿಸಿತು: ಅಮ್ಮಾ, ನಿನ್ನ ಯಂತ್ರದಲ್ಲಿ ಅಂಚು ಕತ್ತರಿಸಿ ಹೋಗಿದೆ, ಒಮ್ಮೆ ಕೇಬಲ್ ನೋಡು. ಅವಳು ಏನು ಉತ್ತರ ಕೊಟ್ಟಳೋ. ಮಗಳು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಳು.

ಗ್ಲಾಕೋಮಾ ಎಂದರು ಡಾಕ್ಟರು. ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುತ್ತಾ ಬರುತ್ತದೆ, ಮೊದಲು ಬದಿಗಳು ಹೋಗುತ್ತವೆ, ನೋವಿಲ್ಲ, ಗೊತ್ತೇ ಆಗುವುದಿಲ್ಲ. ಬೇಗ ಬಂದಿದ್ದರೆ ಹನಿಮದ್ದಿನಲ್ಲೇ ತಡೆಯಬಹುದಿತ್ತು. ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದನ್ನು ಆದಷ್ಟು ಕಾಪಾಡೋಣ. ಮಾಮ ಒಂದೇ ಪ್ರಶ್ನೆ ಕೇಳಿದರು. ಎಷ್ಟು ದಿನದಿಂದ ಹೀಗೆ? ವರ್ಷಗಳೇ ಆಗಿರಬೇಕು ಎಂದರು ಡಾಕ್ಟರು.

ಮನೆಗೆ ಬಂದು ಟಿವಿಯ ಎದುರು ಕೂತು, ಅದನ್ನು ಹಾಕದೆಯೇ, ಮಾಮ ಮಾಮಿಗೆ ಹೇಳಿದರು: "ನೀನ್ ಹೇಳಿದ್ದೆ, ಪೂರ್ತಿ ಕಾಣ್ತಿತ್ತ್ ಅಂತ."

"ಹೇಳಿದ್ದೆ," ಎಂದರು ಮಾಮಿ. ಕ್ಷಮೆ ಕೇಳುವುದು ಮಾಮನಿಗೆ ಬರುತ್ತಿರಲಿಲ್ಲ, ಕೇಳಲಿಲ್ಲ. ಮಾಮಿ ಅಡುಗೆಮನೆಗೆ ಹೋಗಿ ಕಾಫಿ ತಂದು ಅವರ ಕೈಗೆ ಕೊಟ್ಟರು.

ಉಳಿದ ವರ್ಷಗಳು ಹೇಗೆ ಕಳೆದವು ಎಂದು ಬರೆಯಲು ಮನಸ್ಸಿಲ್ಲ. ಹನಿಮದ್ದು ಹಾಕಿದರೂ ಸುತ್ತಲಿನ ಕತ್ತಲು ಒಳಗೊಳಗೆ ಬರುತ್ತಲೇ ಇತ್ತು. ಗೇಟಿಗೆ ಬರುವುದು ನಿಂತಿತು. ಮಾಮನನ್ನು ರಿಪೇರಿಗೆ ಕರೆಯುವುದನ್ನು ಕಟ್ಟಡದವರು ಬಿಟ್ಟರು, ಕರೆಯದಿರುವುದೇ ಮರ್ಯಾದೆ ಎಂದು ಎಲ್ಲರೂ ಅಂದುಕೊಂಡೆವು. ಅದರಿಂದ ಅವರಿಗೆ ಎಷ್ಟು ನೋವಾಗಿತ್ತೆಂದು ಮಾಮಿ ಆಮೇಲೆ ಹೇಳಿದರು. "ಕಣ್ಣ್ ಹೋದ್ರೆ ಬಾಯಿ ಹೋಯ್ತಾ? ಕೇಳುಕೆ ಕಿವಿ ಇಲ್ಯಾ?" ಎನ್ನುತ್ತಿದ್ದರಂತೆ. ಹೌದಲ್ಲ, ಅವರ ಪದ್ಧತಿಗೆ ಕಣ್ಣೇ ಬೇಕಿರಲಿಲ್ಲ. ಕಂಡದ್ದನ್ನು ಹೇಳುವವರು ಒಬ್ಬರಿದ್ದರೆ ಸಾಕಿತ್ತು.

ಆ ಒಬ್ಬರು ಮಾಮಿಯಾದರು. ಭಾನುವಾರದ ಆಟಕ್ಕೆ ಹೋಟೆಲಿನವರು ಬರುವುದು ಕಡಿಮೆಯಾಯಿತು, ಆಟ ನಿಲ್ಲಲಿಲ್ಲ. ಚಿತ್ರ ಮೊದಲಿನಷ್ಟೇ ಚಿಕ್ಕದಾಗಿ ಟಿವಿಯ ನಡುವೆ ಇರುತ್ತಿತ್ತು, ಈಗ ಅದು ತಪ್ಪಾಗಿರಲಿಲ್ಲ, ಅವರಿಗೆ ಕಾಣುತ್ತಿದ್ದದ್ದೇ ಅಷ್ಟು. ಅದೂ ಮಸುಕಾದಾಗ ಮಾಮ ಮುಖವನ್ನು ಪಕ್ಕದ ಕುರ್ಚಿಯ ಕಡೆ ತಿರುಗಿಸಿ ಕೇಳುತ್ತಿದ್ದರು: "ಎಂತ ಕಾಣ್ತಿತ್ತ್ ಹೇಳ್."

ನಲವತ್ತಕ್ಕೂ ಹೆಚ್ಚು ವರ್ಷದ ಸಂಸಾರದಲ್ಲಿ ಕೇಳದಿದ್ದ ಮಾತು. ಮಾಮಿ ಸೊಪ್ಪನ್ನು ಬದಿಗಿಟ್ಟು ಎಡ ಅಂಚಿನಿಂದ ಶುರು ಮಾಡುತ್ತಿದ್ದರು. "ಎಡಬದಿಗೆ ಚೆಂಡೆಯವ ಇದ್ದ. ಕೆಂಪು ಮುಂಡಾಸು. ಅವನ ಹಿಂದೆ ಒಂದ್ ದೀಪ ಇತ್ತ್. ಭಾಗವತ್ರು ತಾಳ ಹಿಡ್ಕಂಡಿರ್. ವೇಷ ಈಗ ಬಂತ್." ಮಾಮ ತಲೆಯಾಡಿಸುತ್ತಾ ಕೇಳುತ್ತಿದ್ದರು. ನಡುವೆ ಅನುಮಾನ ಬಂದರೆ, "ಚೆಂಡೆಯವ ಇದ್ನಾ ಈಗ್ಲೂ?" ಎಂದು ಕೇಳುವರು. "ಇದ್ದ, ಇದ್ದ, ಎಲ್ಲಿಗ್ ಹೋತ," ಎನ್ನುವರು ಮಾಮಿ. ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡು ನಾನು ಒಳಗೆ ಹೋಗದೆ ಮೆಟ್ಟಿಲು ಹತ್ತಿ ಬಂದದ್ದುಂಟು. ಹಾಗೆಯೇ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಮಾಮ ಏಳಲಿಲ್ಲ.

ಹದಿಮೂರನೆಯ ದಿನ ಕಳೆದು, ಬಂದವರೆಲ್ಲ ಹೋದ ಮೇಲೆ, ಮಾಮಿ ನನ್ನನ್ನು ಕರೆದರು. ಮಗಳು ಟಿವಿಯ ಹಿಂದೆ ಗುಡಿಸುವಾಗ ಕೇಬಲ್ ಬಿಚ್ಚಿ ಹೋಗಿತ್ತು. "ಒಂದ್ಸಲ ಹಾಕಿ ಕೊಡ್ ತಂಗಿ. ಚಿತ್ರವನ್ನೂ ಮೊದ್ಲಿನ್ ಹಾಂಗೆ ದೊಡ್ದ್ ಮಾಡ್. ನಂಗೆ ಪೂರ್ತಿ ಕಾಣ್ತಲ್ಲ," ಎಂದರು. ಕುರ್ಚಿಗಳೆರಡೂ ಇದ್ದಲ್ಲೇ ಇದ್ದವು. ಮಾಮಿ ತಮ್ಮದರಲ್ಲಿ ಕೂತರು.

ಕೇಬಲ್ ಸಿಕ್ಕಿಸಿ, ಮೊದಲು ಟಿವಿ, ಆಮೇಲೆ ಕಂಪ್ಯೂಟರ್ ಹಾಕಿದೆ. ಚಿತ್ರವನ್ನು ಟಿವಿಯ ತುಂಬ ಬರುವಂತೆ ಹಿಗ್ಗಿಸಿ, ಆ ಹಳೆಯ ವಿಡಿಯೋವನ್ನೇ ಹಚ್ಚಿದೆ. ಚಿತ್ರ ಒಮ್ಮೆ ಬಂದು ಹೋಯಿತು. ಕೇಬಲ್ ಸರಿಯಾಗಿ ಕೂತಿರಲಿಲ್ಲ. ನಾನು ಟಿವಿಯ ಹಿಂದೆ ಮಂಡಿಯೂರಿ ಅದನ್ನು ಒತ್ತಿ ಹಿಡಿದೆ. ಅಲ್ಲಿಂದ ನನಗೆ ಧೂಳು ಮತ್ತು ಗೋಡೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಚೆಂಡೆಯ ಸದ್ದು ಮಾತ್ರ ಕೇಳುತ್ತಿತ್ತು.

"ಮಾಮಿ, ಏನು ಕಾಣ್ತಿದೆ ಹೇಳ್ರಿ," ಎಂದೆ.

ಕೇಬಲ್ ಇನ್ನೂ ಕೂತಿಲ್ಲವೇನೋ ಎಂದು ನಾನು ಮತ್ತೆ ಒತ್ತಿದೆ. ಆಗ ಮಾಮಿಯ ದನಿ ಕೇಳಿತು.

"ಹೋಯ್, ಎಡಬದಿಗೆ ಚೆಂಡೆಯವ ಇದ್ದ."

ಅದು ನನಗೆ ಹೇಳಿದ್ದಲ್ಲ. ಮಾಮಿ ಹೇಳುತ್ತಾ ಹೋದರು. ಕೆಂಪು ಮುಂಡಾಸು ಬಂತು, ಹಿಂದಿನ ದೀಪ ಬಂತು, ಭಾಗವತರ ತಾಳ ಬಂತು. ಬಲ ಅಂಚಿಗೆ ತಲುಪುವವರೆಗೆ ನಾನು ಕೇಬಲ್ ಬಿಡದೆ ಟಿವಿಯ ಹಿಂದೆಯೇ ಕೂತಿದ್ದೆ.